ಸ್ವರಗಳ ನಡುವಿನ ಸಣ್ಣ ಅಂತರವನ್ನು ಅಳೆದ ಗುರು: ವಂ. ಜೊಸೆಫೊ ಜರ್ಲಿನೊ

ನಮ್ಮ ಧರ್ಮಕೇಂದ್ರಗಳ ಗಾಯನ ಮಂಡಳಿಗಳಲ್ಲಿ ಹಾಡಿದವರಿಗೆ ಈ ಅನುಭವ ಹೊಸದಲ್ಲ. ತಪಸ್ಸುಕಾಲದಲ್ಲಿ ವಾದ್ಯಗಳ ನೆರವಿಲ್ಲದೆ ನಾಲ್ಕು ಧ್ವನಿಗಳಲ್ಲಿ ಒಂದು ಗೀತೆ ಹಾಡುತ್ತೇವೆ. ಮೊದಲ ಸ್ವರವನ್ನು ಕೀಬೋರ್ಡಿನಿಂದಲೇ ಪಡೆದಿರುತ್ತೇವೆ. ಗೀತೆ ಮುಗಿದ ಮೇಲೆ ಅದೇ ಮನೆಯನ್ನು ಮತ್ತೆ ಒತ್ತಿ ನೋಡಿದರೆ ನಾವು ಬೇರೆಲ್ಲೋ ಇರುತ್ತೇವೆ. ಆಗ ಸೊಪ್ರಾನೊದವರು ಬಾಸ್‌ನವರನ್ನೂ ಬಾಸ್‌ನವರು ಸೊಪ್ರಾನೊದವರನ್ನೂ ನೋಡುತ್ತಾರೆ. ಹೆಚ್ಚಿನ ಸಲ ತಪ್ಪು ಉಸಿರಿನದು ಅಥವಾ ಅಭ್ಯಾಸದ ಕೊರತೆಯದು. ಆದರೆ ಪ್ರತಿಯೊಬ್ಬರೂ ಪಕ್ಕದವರೊಡನೆ ಶುದ್ಧವಾಗಿ ಕೂಡಿ ಹಾಡಿದರೂ ಶ್ರುತಿ ಸರಿದುಹೋಗುವ ಸಂದರ್ಭವೂ ಒಂದಿದೆ. ಅಲ್ಲಿ ಯಾರದೂ ತಪ್ಪಿಲ್ಲ. ಕಾರಣ ಸ್ವರಗಳ ಒಳಗೇ ಇದೆ.

ಆ ಕಾರಣವನ್ನು ಲೆಕ್ಕ ಹಾಕಿ, ಅದರೊಂದಿಗೆ ಬದುಕುವ ದಾರಿ ಹುಡುಕುತ್ತಾ ಜೀವನ ಕಳೆದ ಒಬ್ಬ ಧರ್ಮಗುರುವಿನ ಪರಿಚಯವನ್ನು ಇಂದು ಮಾಡಿಕೊಳ್ಳೋಣ. ಅವರೇ ಇಟಲಿಯ ವಂ. ಜೊಸೆಫೊ ಜರ್ಲಿನೊ. ಅವರು 1590ರಲ್ಲಿ ತೀರಿಕೊಂಡರು. ಸಂಗೀತ ಶಾಸ್ತ್ರವನ್ನು ಓದುವವರು ಇಂದಿಗೂ ಅವರ ಹೆಸರನ್ನು ದಾಟಿ ಹೋಗುವಂತಿಲ್ಲ.

ಮೀನುಗಾರರ ಊರಿನ ಮಗ

ವೆನಿಸ್ ನಗರದ ಸುತ್ತಲಿನ ಹಿನ್ನೀರಿನ ದಕ್ಷಿಣ ತುದಿಯಲ್ಲಿ ಕಿಯೊಜ್ಜಾ ಎಂಬ ಊರಿದೆ. ದೋಣಿ, ಬಲೆ, ಮೀನಿನ ಮಾರುಕಟ್ಟೆ ಇವೇ ಆ ಊರಿನ ಬದುಕು. ಕರಾವಳಿಯವರಾದ ನಮಗೆ ಅದರ ವಾಸನೆ, ಸದ್ದು ಎರಡೂ ಊಹೆಗೆ ನಿಲುಕುವಂಥವು. ಈ ಊರಿನಲ್ಲಿ 1517ರಲ್ಲಿ ಜರ್ಲಿನೊ ಹುಟ್ಟಿದರು. ಫ್ರಾನ್ಸಿಸ್ಕನ್ ಗುರುಗಳ ಬಳಿ ಅವರ ವಿದ್ಯಾಭ್ಯಾಸ ನಡೆಯಿತು. 1536ರಲ್ಲಿ ಊರಿನ ಪ್ರಧಾನ ದೇವಾಲಯದಲ್ಲಿ ಗಾಯಕರಾದರು, 1539ರ ಹೊತ್ತಿಗೆ ಅಲ್ಲಿಯೇ ಆರ್ಗನ್ ನುಡಿಸತೊಡಗಿದರು. ಅದೇ ವರ್ಷ ಡೀಕನ್ ಆಗಿ, ಮುಂದೆ ಗುರುದೀಕ್ಷೆಯನ್ನೂ ಪಡೆದರು.

ಒಂದೇ ದೇವಾಲಯದಲ್ಲಿ ಮೊದಲು ಹಾಡಿ ಆಮೇಲೆ ಆರ್ಗನ್ ನುಡಿಸಿದ್ದು ನಮಗೆ ಮುಖ್ಯವಾಗಿ ಕಾಣುತ್ತದೆ. ಹಾಡುವವನ ಸ್ವರ ಮೇಣದಂತೆ ಬಾಗುತ್ತದೆ. ಪಕ್ಕದವರ ಧ್ವನಿಗೆ ತಕ್ಕಂತೆ ಅದನ್ನು ಕೂದಲೆಳೆಯಷ್ಟು ಏರಿಸಬಹುದು, ಇಳಿಸಬಹುದು. ಆರ್ಗನ್ನಿನ ಕೊಳವೆ ಹಾಗಲ್ಲ. ಒಮ್ಮೆ ಶ್ರುತಿ ಮಾಡಿಟ್ಟರೆ ಅದು ಹೇಳುವುದನ್ನೇ ಹೇಳುತ್ತದೆ. ಎರಡೂ ಕಡೆ ಕುಳಿತವರಿಗೆ ಮಾತ್ರ ಇವುಗಳ ನಡುವಿನ ಜಗಳ ಕೇಳಿಸುತ್ತದೆ.

1541ರಲ್ಲಿ ಅವರು ವೆನಿಸಿಗೆ ಬಂದರು. ಅಲ್ಲಿನ ಸಂತ ಮಾರ್ಕರ ದೇವಾಲಯದಲ್ಲಿ 1527ರಿಂದ ಆದ್ರಿಯಾನ್ ವಿಲ್ಲಾರ್ಟ್ ಸಂಗೀತ ನಿರ್ದೇಶಕರಾಗಿದ್ದರು. ಫ್ಲಾಂಡರ್ಸ್ ನಾಡಿನಿಂದ ಬಂದಿದ್ದ ಅವರು ಆ ಕಾಲದ ಬಹುದೊಡ್ಡ ಸಂಗೀತಗಾರರಲ್ಲಿ ಒಬ್ಬರು. ಜರ್ಲಿನೊ ಅವರ ಶಿಷ್ಯರಾದರು. ಜೊತೆಯಲ್ಲೇ ತರ್ಕ, ತತ್ವಶಾಸ್ತ್ರ, ಗ್ರೀಕ್ ಮತ್ತು ಹೀಬ್ರೂ ಭಾಷೆಗಳನ್ನೂ ಕಲಿತರು. 1549ರಲ್ಲಿ ಅವರು ರಚಿಸಿದ ಐದು ಧ್ವನಿಗಳ ಮೊಟೆಟ್‌ಗಳ ಪುಸ್ತಕ ಅಚ್ಚಾಯಿತು.

81 ಮತ್ತು 80

ಜರ್ಲಿನೊ ಅವರನ್ನು ಕಾಡಿದ ಪ್ರಶ್ನೆಯನ್ನು ತಿಳಿಯಲು ನಾವು ಸ್ವಲ್ಪ ಲೆಕ್ಕ ಮಾಡಬೇಕು. ಹೆದರುವಂಥದ್ದೇನಿಲ್ಲ, ಶಾಲೆಯ ಭಿನ್ನರಾಶಿ ಸಾಕು.

ಬಿಗಿದ ಒಂದು ತಂತಿಯನ್ನು ಸರಿಯಾಗಿ ಅರ್ಧಕ್ಕೆ ಒತ್ತಿ ಮೀಟಿದರೆ ಅದೇ ಸ್ವರ ಮೇಲಿನ ಸ್ಥಾಯಿಯಲ್ಲಿ ಕೇಳುತ್ತದೆ. ಅದು 2ಕ್ಕೆ 1. ತಂತಿಯ ಮೂರನೇ ಎರಡು ಭಾಗವನ್ನು ಮೀಟಿದರೆ ದೊ ಇದ್ದದ್ದು ಸೊ ಆಗುತ್ತದೆ, ನಮ್ಮ ಭಾಷೆಯಲ್ಲಿ ಷಡ್ಜದಿಂದ ಪಂಚಮ. ಅದು 3ಕ್ಕೆ 2. ಐದನೇ ನಾಲ್ಕು ಭಾಗ ಮೀಟಿದರೆ ಮಿ, ಅಂದರೆ ಅಂತರ ಗಾಂಧಾರ. ಅದು 5ಕ್ಕೆ 4. ಹೀಗೆ ಸಣ್ಣ ಸಂಖ್ಯೆಗಳಲ್ಲಿ ಕೂಡುವ ಸ್ವರಗಳು ಕಿವಿಗೆ ಅಲುಗಾಟವಿಲ್ಲದೆ ಹೊಂದಿಕೊಳ್ಳುತ್ತವೆ. ಇವನ್ನು ಶುದ್ಧ ಶ್ರುತಿಯ ಅಂತರಗಳು ಎನ್ನುತ್ತಾರೆ.

ತೊಡಕು ಇಲ್ಲಿಂದ ಶುರುವಾಗುತ್ತದೆ. ದೊದಿಂದ ಸೊ, ಸೊದಿಂದ ರೆ, ರೆಯಿಂದ ಲಾ, ಲಾದಿಂದ ಮಿ, ಹೀಗೆ ನಾಲ್ಕು ಶುದ್ಧ ಪಂಚಮಗಳನ್ನು ಏರಿಯೂ ಮಿ ಸ್ವರವನ್ನು ತಲುಪಬಹುದು. ಎರಡು ಸ್ಥಾಯಿ ಕೆಳಗಿಳಿಸಿ ನೋಡಿದರೆ ಈ ಮಿ 81ಕ್ಕೆ 64ರಲ್ಲಿ ನಿಲ್ಲುತ್ತದೆ. ನೇರವಾಗಿ ಪಡೆದ ಶುದ್ಧ ಮಿ 5ಕ್ಕೆ 4, ಅಂದರೆ 80ಕ್ಕೆ 64. ಒಂದೇ ಹೆಸರಿನ ಸ್ವರಕ್ಕೆ ಎರಡು ಜಾಗ! ಇವೆರಡರ ನಡುವಿನ ಅಂತರ 81ಕ್ಕೆ 80. ಇದನ್ನೇ ಸಿಂಟೋನಿಕ್ ಕೊಮಾ ಎಂದು ಕರೆಯುತ್ತಾರೆ.

ಇದು ಎಷ್ಟು ಸಣ್ಣದು? 81 ಸೆಂಟಿಮೀಟರ್ ಉದ್ದದ ತಂತಿಯಲ್ಲಿ ಒಂದು ಮಿ 64 ಸೆಂಟಿಮೀಟರಿಗೆ ಸಿಗುತ್ತದೆ, ಇನ್ನೊಂದು 64.8ಕ್ಕೆ. ವ್ಯತ್ಯಾಸ ಕೇವಲ 8 ಮಿಲಿಮೀಟರ್. ಇಂದಿನ ಅಳತೆಯಲ್ಲಿ ಹೇಳುವುದಾದರೆ ದೊ ಸೆಕೆಂಡಿಗೆ 256 ಕಂಪನಗಳಿದ್ದಾಗ ಶುದ್ಧ ಮಿ 320, ಪಂಚಮಗಳಿಂದ ಬಂದ ಮಿ 324. ಎರಡನ್ನೂ ಒಟ್ಟಿಗೆ ನುಡಿಸಿದರೆ ಸೆಕೆಂಡಿಗೆ ನಾಲ್ಕು ಬಾರಿ ಧ್ವನಿ ಏರಿಳಿಯುತ್ತಾ ನಡುಗುತ್ತದೆ. ಅಕ್ಕಪಕ್ಕದ ಎರಡು ಮನೆಗಳ ನಡುವಿನ ಅರ್ಧ ಸ್ವರವನ್ನು 100 ಭಾಗ ಮಾಡಿದರೆ ಕೊಮಾ ಸುಮಾರು 21.5 ಭಾಗ. ಐದು ಕೊಮಾ ಸೇರಿದರೆ ಅರ್ಧ ಸ್ವರಕ್ಕಿಂತ ಸ್ವಲ್ಪ ಹೆಚ್ಚೇ ಆಗುತ್ತದೆ.

ಭಾರತೀಯ ಸಂಗೀತ ಬಲ್ಲವರಿಗೆ ಈ ಅಂತರ ಅಪರಿಚಿತವಲ್ಲ. ಭರತನ ನಾಟ್ಯಶಾಸ್ತ್ರದಲ್ಲಿ ಎರಡು ವೀಣೆಗಳ ಪ್ರಯೋಗದಲ್ಲಿ ಬರುವ ಪ್ರಮಾಣ ಶ್ರುತಿಯನ್ನು ಆಧುನಿಕ ವಿದ್ವಾಂಸರಲ್ಲಿ ಅನೇಕರು ಇದೇ 81ಕ್ಕೆ 80 ಎಂದು ಗುರುತಿಸಿದ್ದಾರೆ.

ಹಿಂದಿನ ಕಾಲದ ಯುರೋಪಿನಲ್ಲಿ ಪಂಚಮಗಳೇ ಶುದ್ಧವಾಗಿದ್ದವು, ಗಾಂಧಾರಗಳು ಒರಟಾಗಿದ್ದರೂ ನಡೆಯುತ್ತಿತ್ತು. ಆದರೆ 15 ಮತ್ತು 16ನೇ ಶತಮಾನಗಳಲ್ಲಿ ಚರ್ಚ್ ಸಂಗೀತದ ಸವಿಯೆಲ್ಲ ದೊ ಮಿ ಸೊ ಎಂಬ ಕೂಡುಸ್ವರಗಳಿಗೆ ಬಂದು ನಿಂತಿತು. ಗಾಯಕರ ಕಿವಿ ಸಿಹಿಯಾದ ಮಿ ಸ್ವರವನ್ನೇ ಬೇಡುತ್ತಿತ್ತು, ಹಳೆಯ ಗ್ರಂಥಗಳು ಒರಟು ಮಿ ಸ್ವರವನ್ನೇ ಶಾಸ್ತ್ರವೆನ್ನುತ್ತಿದ್ದವು.

1558ರ ಮಹಾಗ್ರಂಥ

ಜರ್ಲಿನೊ ಈ ಪ್ರಶ್ನೆಯನ್ನು ಕಾಗದದ ಮೇಲಷ್ಟೇ ಬಿಡಲಿಲ್ಲ. 1548ರಲ್ಲೇ ಪೆಸಾರೊ ಊರಿನ ದೊಮೆನಿಕೊ ಎಂಬ ಕುಶಲಕರ್ಮಿಯಿಂದ ತಮಗಾಗಿ ಒಂದು ತಂತಿವಾದ್ಯ ಮಾಡಿಸಿಕೊಂಡರು. ಅದರಲ್ಲಿ ಒಂದು ಸ್ಥಾಯಿಗೆ ಸಾಮಾನ್ಯವಾದ 12 ಮನೆಗಳಿಗಿಂತ ಹೆಚ್ಚು ಮನೆಗಳಿದ್ದವು. ಇಂದು ನಾವು ಸೊ ಶಾರ್ಪ್ ಮತ್ತು ಲಾ ಫ್ಲಾಟ್ ಎರಡಕ್ಕೂ ಒಂದೇ ಕಪ್ಪು ಮನೆ ಒತ್ತುತ್ತೇವೆ. ಗಾಂಧಾರಗಳನ್ನು ಸಿಹಿಯಾಗಿ ಇಟ್ಟುಕೊಂಡರೆ ಇವೆರಡು ಬೇರೆ ಬೇರೆ ಸ್ವರಗಳಾಗುತ್ತವೆ, ಬೇರೆ ಬೇರೆ ಮನೆಗಳೂ ಬೇಕಾಗುತ್ತವೆ.

ಹತ್ತು ವರ್ಷಗಳ ಬಳಿಕ, 1558ರಲ್ಲಿ, ಲೆ ಇಸ್ತಿತುತ್ಸಿಯೊನಿ ಅರ್ಮೊನಿಕೆ ಎಂಬ ಅವರ ದೊಡ್ಡ ಗ್ರಂಥ ವೆನಿಸಿನಲ್ಲಿ ಪ್ರಕಟವಾಯಿತು. ಅದನ್ನು ವೆನಿಸಿನ ಪಿತೃಪ್ರಧಾನ ವಿಂಚೆಂಜೊ ದಿಯೆದೊ ಅವರಿಗೆ ಅರ್ಪಿಸಲಾಗಿತ್ತು. ಗ್ರಂಥದಲ್ಲಿ ನಾಲ್ಕು ಭಾಗಗಳಿವೆ. ಸಂಖ್ಯೆಗಳು, ಸ್ವರಗಳ ಅಂತರಗಳು, ಹಲವು ಧ್ವನಿಗಳನ್ನು ಹೆಣೆಯುವ ಕಲೆ ಮತ್ತು ರಾಗಕ್ರಮಗಳು. ಹಾಡಿನ ಮಾತುಗಳನ್ನು ಸ್ವರಗಳಿಗೆ ಹೊಂದಿಸುವ ನಿಯಮಗಳೂ ಕೊನೆಯ ಭಾಗದಲ್ಲಿವೆ. ಉದ್ದದ ಅಕ್ಷರಕ್ಕೆ ಉದ್ದದ ಸ್ವರ, ಗಿಡ್ಡದ್ದಕ್ಕೆ ಗಿಡ್ಡ ಸ್ವರ ಎಂಬ ಇಂಥ ನಿಯಮಗಳು ಇಂದಿಗೂ ನಮ್ಮ ಗೀತೆ ರಚನೆಕಾರರಿಗೆ ಉಪಯುಕ್ತ.

ಶ್ರುತಿಯ ವಿಷಯದಲ್ಲಿ ಅವರ ವಾದ ಹೀಗಿತ್ತು. ಇಂಪಾದ ಅಂತರಗಳೆಲ್ಲ 1ರಿಂದ 6ರವರೆಗಿನ ಸಂಖ್ಯೆಗಳಲ್ಲಿ ಅಡಗಿವೆ. ಇದಕ್ಕೆ ಅವರು ಸೆನಾರಿಯೊ ಎಂದು ಹೆಸರಿಟ್ಟರು. 2ಕ್ಕೆ 1, 3ಕ್ಕೆ 2, 4ಕ್ಕೆ 3, 5ಕ್ಕೆ 4, 6ಕ್ಕೆ 5 ಎಲ್ಲವೂ ಅದರೊಳಗಿವೆ. 8ಕ್ಕೆ 5ರ ಒಂದು ಅಂತರ ಮಾತ್ರ ಹೊರಗುಳಿಯಿತು, ಕಿವಿಗೋ ಅದು ಇಂಪಾಗಿಯೇ ಇತ್ತು. ಅದನ್ನು ಎರಡು ಸಣ್ಣ ಅಂತರಗಳ ಜೋಡಣೆ ಎಂದು ವಿವರಿಸಿ ಒಳಗೆ ಸೇರಿಸಿಕೊಂಡರು. ಈ ವಿವರಣೆ ಸ್ವಲ್ಪ ಎಳೆದು ತಂದಂತಿದೆ ಎಂದು ಓದುವವರಿಗೆ ಅನಿಸದಿರದು. ಆದರೂ ಗಾಯಕರ ಕಿವಿ ಬಹುಕಾಲದಿಂದ ಹೇಳುತ್ತಿದ್ದುದಕ್ಕೆ ಶಾಸ್ತ್ರದಲ್ಲಿ ಗಟ್ಟಿಯಾದ ಸ್ಥಾನ ಸಿಕ್ಕಿದ್ದು ಈ ಗ್ರಂಥದಿಂದ.

ಹಾಗಾದರೆ ಕೊಮಾವನ್ನು ಏನು ಮಾಡುವುದು? ಅದನ್ನು ಅಳಿಸಲು ಆಗುವುದಿಲ್ಲ. ಒಂದೇ ಕಡೆ ಬಿಟ್ಟರೆ ಆ ಜಾಗ ಕೇಳಲಾಗದಷ್ಟು ಅಪಶ್ರುತಿಯಾಗುತ್ತದೆ. ಮನೆಗಳಿರುವ ವಾದ್ಯಗಳಿಗಾಗಿ ಜರ್ಲಿನೊ ಹಂಚಿಕೆಯ ದಾರಿ ತೋರಿಸಿದರು. ಕೊಮಾವನ್ನು ಏಳು ಪಾಲು ಮಾಡಿ, ಪ್ರತಿ ಪಂಚಮವನ್ನೂ ಎರಡು ಪಾಲಿನಷ್ಟು ಕಿರಿದು ಮಾಡಬೇಕು. ಆಗ ದೊಡ್ಡ ಗಾಂಧಾರ ಮತ್ತು ಸಣ್ಣ ಗಾಂಧಾರ ಎರಡೂ ಶುದ್ಧ ಅಳತೆಗಿಂತ ಒಂದೊಂದೇ ಪಾಲು ಕಡಿಮೆಯಾಗುತ್ತವೆ. ಯಾವುದೂ ಪೂರ್ತಿ ಶುದ್ಧವಲ್ಲ, ಯಾವುದೂ ಅಸಹ್ಯವೂ ಅಲ್ಲ. ಇಂಥ ಶ್ರುತಿ ವ್ಯವಸ್ಥೆಯನ್ನು ಗಣಿತದ ನಿಖರತೆಯೊಡನೆ ಮೊದಲಿಗೆ ವಿವರಿಸಿದ್ದು ಈ ಗ್ರಂಥದಲ್ಲೇ. ಅದಕ್ಕೂ ಮೊದಲು ಆರ್ಗನ್ ಶ್ರುತಿ ಮಾಡುವವರು ಕಿವಿಯ ಅಂದಾಜಿನಲ್ಲಿ ಮಾಡುತ್ತಿದ್ದರು.

ಸಂತ ಮಾರ್ಕರ ದೇವಾಲಯದಲ್ಲಿ

ವಿಲ್ಲಾರ್ಟ್ 1562ರ ಡಿಸೆಂಬರಿನಲ್ಲಿ ತೀರಿಕೊಂಡರು. ಅವರ ನಂತರ ಬಂದ ಚಿಪ್ರಿಯಾನೊ ದೆ ರೋರೆ ಹೆಚ್ಚು ಕಾಲ ನಿಲ್ಲಲಿಲ್ಲ. 1565ರ ಜುಲೈಯಲ್ಲಿ ಜರ್ಲಿನೊ ಸಂತ ಮಾರ್ಕರ ದೇವಾಲಯದ ಸಂಗೀತ ನಿರ್ದೇಶಕರಾದರು. ಆಗ ಅವರಿಗೆ 48 ವರ್ಷ. ಸಾಯುವವರೆಗೂ, ಸುಮಾರು 25 ವರ್ಷ, ಆ ಸೇವೆಯಲ್ಲೇ ಇದ್ದರು.

ಸಂತ ಮಾರ್ಕರ ದೇವಾಲಯ ಆ ಕಾಲದಲ್ಲಿ ವೆನಿಸಿನ ಪ್ರಧಾನ ದೇವಾಲಯವಾಗಿರಲಿಲ್ಲ. ಗಣರಾಜ್ಯದ ಮುಖ್ಯಸ್ಥನಾದ ದೋಜೆಯ ದೇವಾಲಯವಾಗಿತ್ತು. 1807ರಲ್ಲಷ್ಟೇ ಅದು ಪಿತೃಪ್ರಧಾನರ ದೇವಾಲಯವಾಯಿತು. ಹಾಗಾಗಿ ಅಲ್ಲಿನ ಬಲಿಪೂಜೆಯ ಸಂಗೀತವೆಂದರೆ ರಾಜ್ಯದ ಗೌರವದ ವಿಷಯವೂ ಹೌದು. 1571ರ ಲೆಪಾಂಟೊ ಸಮುದ್ರ ಯುದ್ಧದ ವಿಜಯೋತ್ಸವ, 1574ರಲ್ಲಿ ಫ್ರಾನ್ಸಿನ ಅರಸ ಮೂರನೇ ಹೆನ್ರಿಯ ಭೇಟಿ ಮುಂತಾದ ದೊಡ್ಡ ಸಂದರ್ಭಗಳೆಲ್ಲ ಅವರ ಅವಧಿಯಲ್ಲೇ ಬಂದವು.

ಎರಡು ಆರ್ಗನ್‌ಗಳಿದ್ದ ಆ ದೇವಾಲಯದಲ್ಲಿ ಕ್ಲಾವುದಿಯೊ ಮೆರುಲೊ ಮತ್ತು ಆಂದ್ರೆಯಾ ಗಾಬ್ರಿಯೆಲಿ ಅವರಂಥ ವಾದಕರಿದ್ದರು. 1568ರಲ್ಲಿ ಗಾಳಿವಾದ್ಯಗಳ ಖಾಯಂ ತಂಡವೂ ಸೇರಿಕೊಂಡಿತು. ಒಂದು ಕಡೆ ಬಾಗುವ ಧ್ವನಿಗಳು, ಇನ್ನೊಂದು ಕಡೆ ಬಾಗದ ಆರ್ಗನ್, ನಡುವೆ ಅಷ್ಟಿಷ್ಟು ಬಾಗುವ ವಾದ್ಯಗಳು. ಇವನ್ನೆಲ್ಲ ಒಂದೇ ಸ್ತೋತ್ರದಲ್ಲಿ ಕೂಡಿಸಬೇಕಾದವರಿಗೆ ಕೊಮಾ ಎನ್ನುವುದು ಪುಸ್ತಕದ ಮಾತಾಗಿ ಉಳಿಯುವುದಿಲ್ಲ.

1571ರಲ್ಲಿ ಅವರ ಎರಡನೇ ಮುಖ್ಯ ಗ್ರಂಥ ದಿಮೊಸ್ತ್ರಾತ್ಸಿಯೊನಿ ಅರ್ಮೊನಿಕೆ ಹೊರಬಂತು. ಇದನ್ನು ಐದು ಸಂಭಾಷಣೆಗಳ ರೂಪದಲ್ಲಿ ಬರೆದಿದ್ದಾರೆ. 1562ರಲ್ಲಿ ಸಂಧಿವಾತದಿಂದ ನರಳುತ್ತಿದ್ದ ವಿಲ್ಲಾರ್ಟರ ಮನೆಯಲ್ಲಿ ಗೆಳೆಯರೆಲ್ಲ ಕೂಡಿ ಮಾತಾಡುವಂತೆ ಅದನ್ನು ಚಿತ್ರಿಸಲಾಗಿದೆ. ಗುರುಗಳು ತೀರಿಕೊಂಡು ಒಂಬತ್ತು ವರ್ಷವಾದ ಮೇಲೂ ಶಿಷ್ಯ ಅವರನ್ನು ಮತ್ತೆ ಮಾತಾಡಿಸಿದ್ದು ನಮ್ಮ ಮನಸ್ಸಿಗೆ ತಟ್ಟುತ್ತದೆ. ಇದೇ ಗ್ರಂಥದಲ್ಲಿ ಕೊಮಾವನ್ನು ಹಂಚುವ ಇನ್ನೆರಡು ವಿಧಾನಗಳನ್ನೂ ಅವರು ಸೇರಿಸಿದರು. ಒಂದರಲ್ಲಿ ಪ್ರತಿ ಪಂಚಮ ಕೊಮಾದ ನಾಲ್ಕನೇ ಒಂದು ಪಾಲು ಬಿಟ್ಟುಕೊಡುತ್ತದೆ, ಇನ್ನೊಂದರಲ್ಲಿ ಮೂರನೇ ಒಂದು ಪಾಲು. 1558ರಲ್ಲಿ ತಾವು ಹೇಳಿದ್ದೇ ಕೊನೆಯ ಮಾತು ಎಂದು ಅವರು ಕುಳಿತಿರಲಿಲ್ಲ.

ಶಿಷ್ಯನ ವಿರೋಧ

ಆದರೆ ಒಂದು ವಿಷಯದಲ್ಲಿ ಅವರು ಹಿಂದೆ ಸರಿಯಲಿಲ್ಲ. ವಾದ್ಯಗಳಿಗೆ ಹಂಚಿಕೆ ಬೇಕು, ಮನುಷ್ಯನ ಧ್ವನಿಗೆ ಮಾತ್ರ ಬೇಡ ಎಂದು ಅವರು ನಂಬಿದ್ದರು. ವಾದ್ಯ ಮನುಷ್ಯ ಮಾಡಿದ್ದು, ಧ್ವನಿ ನಿಸರ್ಗದ್ದು. ಆದ್ದರಿಂದ ಗಾಯಕರು ತಮ್ಮಷ್ಟಕ್ಕೆ ಹಾಡುವಾಗ ಶುದ್ಧ ಅಂತರಗಳನ್ನೇ ಹಾಡುತ್ತಾರೆ ಎಂಬುದು ಅವರ ನಿಲುವು.

ಇದಕ್ಕೆ ಮೊದಲ ಪೆಟ್ಟು ಕೊಟ್ಟವರು ವೆನಿಸಿನಲ್ಲೇ ಹುಟ್ಟಿದ ಗಣಿತಜ್ಞ ಜೊವಾನ್ನಿ ಬತ್ತಿಸ್ತಾ ಬೆನೆದೆತ್ತಿ. 1563ರ ಸುಮಾರಿಗೆ ಅವರು ಚಿಪ್ರಿಯಾನೊ ದೆ ರೋರೆ ಅವರಿಗೆ ಪತ್ರಗಳನ್ನು ಬರೆದರು. 1585ರಲ್ಲಿ ಅವು ಅಚ್ಚಾದವು. ಗಾಯಕರು ಒಂದೊಂದು ಸ್ವರವನ್ನೂ ಹಿಂದಿನ ಸ್ವರದೊಡನೆ ಶುದ್ಧವಾಗಿ ಹೊಂದಿಸುತ್ತಾ ಹೋದರೆ ಏನಾಗುತ್ತದೆ ಎಂದು ಬೆನೆದೆತ್ತಿ ಲೆಕ್ಕ ಹಾಕಿದರು. ನಾವು ಮೇಲೆ ಮಾಡಿದ ಲೆಕ್ಕವನ್ನೇ ನೆನಪಿಸಿಕೊಳ್ಳಿ. ದೊದಿಂದ ನಾಲ್ಕು ಶುದ್ಧ ಪಂಚಮಗಳಲ್ಲಿ ಮಿಗೆ ಹೋಗಿ, ಅಲ್ಲಿಂದ ಶುದ್ಧ ಗಾಂಧಾರದ ಅಳತೆಯಲ್ಲಿ ದೊಗೆ ಮರಳಿದರೆ, ನಾವು ಹೊರಟ ದೊಗೆ ಬರುವುದಿಲ್ಲ. ಒಂದು ಕೊಮಾ ಮೇಲಿರುತ್ತೇವೆ. ಅದೇ ಸಾಲನ್ನು ಐದು ಬಾರಿ ಹಾಡಿದರೆ ಅರ್ಧ ಸ್ವರ ಏರಿರುತ್ತದೆ. ಬೇರೆ ಸಾಲಿನಲ್ಲಿ ಇಳಿಯಲೂಬಹುದು. ಪ್ರತಿ ಹೆಜ್ಜೆಯೂ ಸರಿ, ಒಟ್ಟು ದಾರಿ ಮಾತ್ರ ತಪ್ಪಿತು.

ಎರಡನೇ ಪೆಟ್ಟು ಮನೆಯೊಳಗಿನಿಂದಲೇ ಬಂತು. ಫ್ಲಾರೆನ್ಸಿನ ವಿಂಚೆಂಜೊ ಗಲಿಲೇಯಿ ಲ್ಯೂಟ್ ವಾದಕರು, ಜರ್ಲಿನೊ ಅವರ ಬಳಿ ಕಲಿತವರು. ವಿಜ್ಞಾನಿ ಗೆಲಿಲಿಯೊ ಅವರ ಮಗ. 1581ರಲ್ಲಿ ವಿಂಚೆಂಜೊ ಪುರಾತನ ಮತ್ತು ಆಧುನಿಕ ಸಂಗೀತದ ಕುರಿತು ಒಂದು ಸಂಭಾಷಣಾ ಗ್ರಂಥ ಪ್ರಕಟಿಸಿ, ಗುರುವಿನ ನಿಲುವುಗಳನ್ನು ಬಹಿರಂಗವಾಗಿ ಟೀಕಿಸಿದರು. ಗಾಯಕರು ಹಾಡುವುದು ಪುಸ್ತಕದ ಶುದ್ಧ ಶ್ರುತಿಯಲ್ಲ, 1ರಿಂದ 6ರ ಸಂಖ್ಯೆಗಳಿಗೆ ವಿಶೇಷ ಮಹಿಮೆಯೂ ಇಲ್ಲ ಎಂಬುದು ಅವರ ವಾದದ ಸಾರ.

ಆಗ ಜರ್ಲಿನೊ ಅವರಿಗೆ 64 ವರ್ಷ. ಅವರು ಅವಸರ ಮಾಡಲಿಲ್ಲ. ಏಳು ವರ್ಷಗಳ ನಂತರ, 1588ರಲ್ಲಿ, ಸೊಪ್ಲಿಮೆಂತಿ ಮುಸಿಕಾಲಿ ಎಂಬ ಗ್ರಂಥದಲ್ಲಿ ಸವಿಸ್ತಾರವಾಗಿ ಉತ್ತರ ಕೊಟ್ಟರು. ನಿಸರ್ಗದ ಧ್ವನಿ, ಶುದ್ಧ ಅಂತರಗಳು ಎಂಬ ತಮ್ಮ ನಂಬಿಕೆಯನ್ನು ಬಿಡಲಿಲ್ಲ. ಆದರೆ ಅದೇ ಪುಸ್ತಕದಲ್ಲಿ ಲ್ಯೂಟಿಗಾಗಿ ಒಂದು ಸ್ಥಾಯಿಯನ್ನು 12 ಸಮ ಭಾಗ ಮಾಡುವ ವಿಧಾನಗಳನ್ನೂ ರೇಖಾಗಣಿತದಿಂದ ತೋರಿಸಿಕೊಟ್ಟರು. ತಮ್ಮ ಮನಸ್ಸಿಗೆ ಒಪ್ಪಿದ ಶ್ರುತಿ ಅದಲ್ಲದಿದ್ದರೂ ವಾದಕರಿಗೆ ಬೇಕಾದ ದಾರಿಯನ್ನು ಅವರು ಮುಚ್ಚಿಡಲಿಲ್ಲ.

ವಿಂಚೆಂಜೊ 1589ರಲ್ಲಿ ಮತ್ತೆ ಬರೆದರು. ಈ ಸಲ ಪ್ರಯೋಗವೊಂದನ್ನು ಮುಂದಿಟ್ಟರು. ತಂತಿಯ ಉದ್ದದಲ್ಲಿ ಸ್ಥಾಯಿಗೆ 2ಕ್ಕೆ 1 ಆದರೆ, ತಂತಿಗೆ ತೂಗುಹಾಕುವ ಭಾರದಲ್ಲಿ ಅದು 4ಕ್ಕೆ 1. ಪಂಚಮಕ್ಕೆ 3ಕ್ಕೆ 2ರ ಬದಲು 9ಕ್ಕೆ 4. ಅಂದರೆ ಇಂಪಿನ ಸಂಖ್ಯೆಗಳು ನಾವು ಏನನ್ನು ಅಳೆಯುತ್ತೇವೆ ಎಂಬುದರ ಮೇಲೆ ಬದಲಾಗುತ್ತವೆ. ಈ ಮಾತಿನಲ್ಲಿ ಶಿಷ್ಯನೇ ಸರಿ ಎಂದು ಒಪ್ಪಬೇಕು. ಧ್ವನಿಗಳು ತಾವಾಗಿ ಶುದ್ಧ ಶ್ರುತಿಯಲ್ಲೇ ನಿಲ್ಲುತ್ತವೆ ಎಂಬ ಗುರುವಿನ ಮಾತನ್ನೂ ಬೆನೆದೆತ್ತಿಯ ಲೆಕ್ಕ ನಿಲ್ಲಗೊಡಲಿಲ್ಲ. ಆದರೆ ಸಿಹಿಯಾದ ಗಾಂಧಾರ 5ಕ್ಕೆ 4 ಎಂಬ ಜರ್ಲಿನೊ ಅವರ ಮೂಲ ಮಾತು ಉಳಿದುಕೊಂಡಿದೆ. ಉದ್ದವನ್ನೂ ಭಾರವನ್ನೂ ಬಿಟ್ಟು ಕಂಪನಗಳನ್ನು ಎಣಿಸಿದಾಗ ಅದೇ ಸಂಖ್ಯೆ ಸಿಗುತ್ತದೆ.

ಬಿಷಪ್ ಪದವಿ ಮತ್ತು ಕೊನೆಯ ದಿನಗಳು

ಈ ವಾಗ್ವಾದದ ನಡುವೆಯೇ ಊರು ಅವರನ್ನು ನೆನೆಯಿತು. ಕಿಯೊಜ್ಜಾದ ಪ್ರಧಾನ ದೇವಾಲಯದ ಕ್ಯಾನನ್ ಗೌರವ ಅವರಿಗೆ ದೊರೆತಿತ್ತು. 1583ರಲ್ಲಿ ಕಿಯೊಜ್ಜಾದ ಧರ್ಮಾಧ್ಯಕ್ಷ ಪದವಿಗೂ ಅವರ ಹೆಸರು ಬಂತು. ಹುಟ್ಟೂರಿನ ಬಿಷಪ್ ಆಗುವ ಅವಕಾಶ! ಆದರೆ ದೋಜೆ ಮತ್ತು ಸೆನೆಟ್ ಅವರನ್ನು ಬಿಟ್ಟುಕೊಡಲು ಇಷ್ಟಪಡಲಿಲ್ಲ. ಅವರು ವೆನಿಸಿನಲ್ಲೇ, ಗಾಯಕರ ನಡುವೆಯೇ ಉಳಿದರು.

ಅವರ ಬರಹ ಸಂಗೀತಕ್ಕೆ ಸೀಮಿತವಾಗಿರಲಿಲ್ಲ. ತಾಳ್ಮೆಯ ಕುರಿತು ಒಂದು ಗ್ರಂಥ, ಕಪುಚಿನ್ ಸಭೆಯ ಹುಟ್ಟಿನ ಕುರಿತು ಇನ್ನೊಂದು, 1582ರ ಪಂಚಾಂಗ ಸುಧಾರಣೆಗೆ ಸಂಬಂಧಿಸಿದ ಬರಹಗಳು ಅವರಿಂದ ಬಂದವು. ಪಂಚಾಂಗದ ತೊಡಕೂ ಕೊಮಾದಂಥದ್ದೇ ಎಂಬುದನ್ನು ಗಮನಿಸಬೇಕು. ವರ್ಷಕ್ಕೆ ಕೆಲವೇ ನಿಮಿಷಗಳ ವ್ಯತ್ಯಾಸ ಶತಮಾನಗಳಲ್ಲಿ ಹತ್ತು ದಿನಗಳಾಗಿ ಬೆಳೆದು ಪಾಸ್ಖ ಹಬ್ಬದ ಲೆಕ್ಕವನ್ನೇ ಕೆಡಿಸಿತ್ತು.

1588 ಮತ್ತು 1589ರಲ್ಲಿ ಅವರ ಕೃತಿಗಳೆಲ್ಲ ನಾಲ್ಕು ಸಂಪುಟಗಳಲ್ಲಿ ಒಟ್ಟಾಗಿ ಅಚ್ಚಾದವು. 1590ರ ಫೆಬ್ರವರಿಯಲ್ಲಿ ಜರ್ಲಿನೊ ವೆನಿಸಿನಲ್ಲಿ ತೀರಿಕೊಂಡರು. ಸಂತ ಲೊರೆಂಜೊ ಚರ್ಚಿನಲ್ಲಿ ಅವರನ್ನು ಸಮಾಧಿ ಮಾಡಲಾಯಿತು. ಅವರ ಮರಣದ ಬಳಿಕ ಆ ಚರ್ಚನ್ನು ಹೊಸದಾಗಿ ಕಟ್ಟಲಾಯಿತು. ಅವರು ಯೌವನದಲ್ಲಿ ಆರ್ಗನ್ ನುಡಿಸಿದ ಕಿಯೊಜ್ಜಾದ ಹಳೆಯ ಪ್ರಧಾನ ದೇವಾಲಯ 1623ರಲ್ಲಿ ಬೆಂಕಿಗೆ ಆಹುತಿಯಾಯಿತು.

ನಮ್ಮ ಗಾಯನ ಮಂಡಳಿಗಳಿಗೆ

ಇಂದು ನಮ್ಮ ಚರ್ಚುಗಳಲ್ಲಿರುವ ಕೀಬೋರ್ಡುಗಳು ಸಾಮಾನ್ಯವಾಗಿ 12 ಸಮ ಭಾಗಗಳ ಶ್ರುತಿಯಲ್ಲಿವೆ. ದೊ 256 ಆದರೆ ಅವುಗಳ ಮಿ ಸುಮಾರು 322.5. ಜರ್ಲಿನೊ ಅವರ 320ಕ್ಕೂ ಹಳೆಯ ಶಾಸ್ತ್ರದ 324ಕ್ಕೂ ನಡುವೆ ಅದು ಕುಳಿತಿದೆ. ಯಾವ ಶ್ರುತಿಯಲ್ಲಿ ಬೇಕಾದರೂ ಹಾಡಬಹುದೆಂಬ ಅನುಕೂಲಕ್ಕಾಗಿ ಅಷ್ಟು ಸಿಹಿಯನ್ನು ನಾವು ಬಿಟ್ಟುಕೊಟ್ಟಿದ್ದೇವೆ.

ಆದ್ದರಿಂದ ಮುಂದಿನ ಅಭ್ಯಾಸದಲ್ಲಿ ಕೀಬೋರ್ಡನ್ನು ಸ್ವಲ್ಪ ಹೊತ್ತು ಮುಚ್ಚಿಟ್ಟು ನೋಡಿ. ಬಾಸ್‌ನವರು ದೊ ಹಿಡಿಯಲಿ, ಟೆನರ್‌ನವರು ಸೊ ಹಿಡಿಯಲಿ. ಆಲ್ಟೊದವರು ಮಿ ಸ್ವರವನ್ನು ಮೆಲ್ಲಗೆ ತುಸುವೇ ಇಳಿಸುತ್ತಾ ಬರಲಿ. ಒಂದು ಜಾಗದಲ್ಲಿ ನಡುಕವೆಲ್ಲ ನಿಂತು ಮೂರು ಧ್ವನಿಗಳು ಒಂದೇ ಆದಂತೆ ಕೇಳುತ್ತವೆ. ಜರ್ಲಿನೊ ಬಯಸಿದ್ದು ಆ ಜಾಗವನ್ನು. ಮುಂದಿನ ಕೂಡುಸ್ವರಕ್ಕೆ ಹೋಗುವಾಗ ಯಾರಾದರೂ ಕೂದಲೆಳೆಯಷ್ಟು ಸರಿಯಬೇಕಾಗುತ್ತದೆ. ಗೀತೆಯ ಕೊನೆಯಲ್ಲಿ ಹೊರಟ ಸ್ವರಕ್ಕೇ ಮರಳುವ ಮಂಡಳಿಯಲ್ಲಿ ಈ ಸರಿದಾಟ ಯಾರಿಗೂ ಕಾಣದಂತೆ ನಡೆದಿರುತ್ತದೆ, ಮತ್ತು ಅದನ್ನು ಒಬ್ಬರೇ ಅಲ್ಲ, ಎಲ್ಲರೂ ಸ್ವಲ್ಪ ಸ್ವಲ್ಪ ಮಾಡಿರುತ್ತಾರೆ.